ಸವಿಮಾತು ಆಡತಕ್ಕದ್ದಲ್ಲ

ನಾಲ್ಕನೇ ಪುಟ ಓದದೆ ರುಜು ಹಾಕಿದವಳು ನಾನೇ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಆ ಪುಟ ಬರೆಸಿದವರನ್ನು, ಬರೆದವರನ್ನು, ‘ಎಲ್ಲರಿಗೂ ಒಂದೇ ಕಾಗದ ಕಣಮ್ಮ, ಹಾಕು ಹಾಕು’ ಎಂದು ಪೆನ್ನನ್ನು ಕೈಗೆ ತುರುಕಿದ ಗುಮಾಸ್ತನನ್ನು ನಾನು ಉಸಿರಿರುವ ತನಕ ಬೈಯುತ್ತೇನೆ. ಹೊಟ್ಟೆ ಉರಿದವಳು ಬೈಯದೆ ಸೋಬಾನೆ ಹಾಡುತ್ತಾಳೆಯೇ?

ನನ್ನ ಹೆಸರು ಸರ್ವಮಂಗಳಾ. ಪೇಟೆಬೀದಿಯಲ್ಲಿ ಗುರುಬಸಪ್ಪನವರ ಪಾತ್ರೆ ಅಂಗಡಿ ಇದೆ. ಮೂರು ಮೆಟ್ಟಿಲು ಹತ್ತಿ ಹೋಗಬೇಕಾದ್ದರಿಂದ ಎಲ್ಲರೂ ಅದನ್ನು ಮೂರು ಮೆಟ್ಟಿಲಂಗಡಿ ಅನ್ನುತ್ತಾರೆ. ನಲವತ್ತು ವರ್ಷದಿಂದ ಊರಿಗೆಲ್ಲ ಅದೊಂದೇ ಪಾತ್ರೆ ಅಂಗಡಿ. ಅಲ್ಲಿ ಒಂಬತ್ತು ವರ್ಷ ನಾನು ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದೆ. ಲೋಟ, ಕೊಡ, ಡಬ್ಬಿ, ತಟ್ಟೆ, ಏನು ಕೊಂಡರೂ ನಮ್ಮೂರಿನವರು ಹೆಸರು ಹಾಕಿಸದೆ ಒಯ್ಯುವುದಿಲ್ಲ. ಪಕ್ಕದ ಮನೆಗೆ ಹುಳಿ ತುಂಬಿ ಕಳಿಸಿದ ಡಬ್ಬಿ ತಿರುಗಿ ಬರಬೇಕಲ್ಲ! ಗುಂಯ್ ಎನ್ನುವ ಮಿಷನ್ನನ್ನು ಪೆನ್ನಿನಂತೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದೆ. ಅಷ್ಟು ಹೊತ್ತು ಹೆಂಗಸರು ನನ್ನೆದುರಿನ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಅವರೊಡನೆ ಮಾತಾಡುವುದೂ ನನ್ನ ಕೆಲಸವೇ. ‘ಸೊಸೆ ಹೆಸರು ಹಾಕಿಸ್ತಿದ್ದೀರಾ ಅಕ್ಕಾ? ಪುಣ್ಯ ಮಾಡಿದ್ಲು ಬಿಡಿ, ಇಂಥ ಅತ್ತೆ ಯಾರಿಗುಂಟು’ ಅಂದರೆ ಸಾಕು, ಒಂದು ಲೋಟಕ್ಕೆ ಬಂದವರು ಆರು ಲೋಟ ಒಯ್ಯುತ್ತಿದ್ದರು. ಗುರುಬಸಪ್ಪನವರು ಎಲ್ಲರೆದುರು ಹೇಳುತ್ತಿದ್ದರು, ‘ಮಂಗಳನ ನಾಲಿಗೆನೇ ನಮ್ಮಂಗಡಿ ಬಂಡವಾಳ’ ಎಂದು. ಕೇಳಿ ಹಿಗ್ಗುತ್ತಿದ್ದೆ, ಪೆದ್ದಿ. ಬಂಡವಾಳ ಎಂದರೆ ಅವರ ಸ್ವತ್ತು ಎಂದು ಹೊಳೆಯಲೇ ಇಲ್ಲ.

ನಮ್ಮೂರಲ್ಲಿ ಕರಾರು ಕಾಗದದ ಮೇಲೆ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ. ಕೆಲಸ ಬಿಟ್ಟ ದಿನ ಅದು ಕಟ್ಟುತ್ತದೆ. ಕ್ಷೌರದ ಸಿದ್ದಪ್ಪ ಒಂದು ಸೆಲೂನು ಬಿಟ್ಟು ಇನ್ನೊಂದಕ್ಕೆ ಸೇರಿದಾಗ ಊರೊಳಗೆ ಅವನ ಕತ್ತರಿ ಒಂದು ಕೂದಲನ್ನೂ ಕತ್ತರಿಸಲಿಲ್ಲ. ಒಂದು ವರ್ಷ ಊರಾಚೆ ಮೈಲಿಗಲ್ಲಿನ ಆ ಬದಿಗೆ ಕುರ್ಚಿ ಹಾಕಿಕೊಂಡು ಕೂತ. ಗಿರಾಕಿ ತೂಕಡಿಸಿ ಈ ಬದಿಗೆ ವಾಲಿದರೆ ಅರ್ಧ ತಲೆಗೇ ಕತ್ತರಿ ನಿಂತುಬಿಡುತ್ತಿತ್ತು. ಹೋಟೆಲು ಬದಲಿಸಿದ ವಾಸುದೇವ ಭಟ್ಟರಿಗೆ ಆರು ತಿಂಗಳು ದೋಸೆ ಕಾವಲಿಯಿಂದ ಏಳಲಿಲ್ಲ. ಅಷ್ಟು ದಿನ ಇಡ್ಲಿ ಬೇಯಿಸಿಕೊಂಡು ಬದುಕಿದರು. ‘ಪಾಪ, ಕಟ್ಟಿದೆ’ ಎಂದು ಜನ ಮುಂದಕ್ಕೆ ಹೋಗುತ್ತಾರೆ. ಹೆಣ್ಣು ಕೊಡುವವರು ‘ಹುಡುಗನಿಗೆ ಏನಾದರೂ ಕಟ್ಟಿದೆಯೋ?’ ಎಂದು ಜಾತಕದ ಜೊತೆಗೆ ಅದನ್ನೂ ವಿಚಾರಿಸುತ್ತಾರೆ.

ನನ್ನ ಮಗಳು ಇಂಚರ. ಅವಳ ನಾಮಕರಣಕ್ಕೆ ನಮ್ಮ ಅಂಗಡಿಯಿಂದಲೇ ಒಂದು ಪುಟ್ಟ ಲೋಟ ಕೊಂಡು, ಅಂಗಡಿ ಮುಚ್ಚುವ ಮೊದಲು ಕೂತು ಹೆಸರು ನಾನೇ ಹಾಕಿದೆ. ಅಷ್ಟು ಚೆಂದದ ‘ಇ’ ನನ್ನ ಕೈಯಿಂದ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅದೇ ನಾನು ಮಾಡಿದ ತಪ್ಪು.

ಅವಳಿಗೆ ಮೂರು ತುಂಬುವ ಹೊತ್ತಿಗೆ ದಡಾರ ಎದ್ದಿತು. ಮೈ ಕೆಂಡ. ಮೂರು ದಿನ ರಜೆ ಕೇಳಿದೆ. ‘ಮದುವೆ ಸೀಸನ್ನಲ್ಲಿ ರಜೆಯಾ? ನಿಮ್ಮತ್ತೆ ಇದಾರಲ್ಲ ಮನೇಲಿ. ನೀನೇನು ಡಾಕ್ಟ್ರಾ?’ ಎಂದರು ಗುರುಬಸಪ್ಪನವರು. ಕೊಡಗಳ ರಾಶಿಯೆದುರು ಕೂತು ಯಾರ್ಯಾರ ಮಕ್ಕಳದೋ ಹೆಸರು ಹಾಕುತ್ತಿದ್ದೆ. ನನ್ನ ಮಗು ಮನೆಯಲ್ಲಿ ಅಮ್ಮಾ ಅಮ್ಮಾ ಎಂದು ಕನವರಿಸುತ್ತಿತ್ತು. ಮಗು ಚೇತರಿಸಿಕೊಂಡಿತು, ನನ್ನ ಹೊಟ್ಟೆ ಆರಲಿಲ್ಲ. ತರಕಾರಿ ಮಾರ್ಕೆಟ್ಟಿನ ಹಿಂದೆ ಜುಲೇಖಾಬಿ ಎಂಬ ಹೊರಗಿನ ಊರಿನ ಹೆಂಗಸು ಆಗಷ್ಟೇ ಪಾತ್ರೆ ಅಂಗಡಿ ತೆರೆದಿದ್ದರು. ‘ಬಾ ಮಂಗಳಾ, ಭಾನುವಾರ ರಜೆ. ಮಗೂನೂ ಕರ್ಕೊಂಬಾ, ಮೂಲೇಲಿ ಆಡ್ಕೊಂಡಿರ್ಲಿ’ ಎಂದರು. ಆಮೇಲೆ, ‘ಅಲ್ಲಿ ಕಾಗದದಲ್ಲಿ ಏನು ಬರ್ಕೊಟ್ಟಿದೀಯ, ಗೊತ್ತಾ?’ ಎಂದು ಕೇಳಿದರು. ‘ಏನಿರತ್ತೆ? ಮಿಷನ್ ಮುಟ್ಬಾರ್ದು ಅಂತಿರ್ಬೇಕು. ಒಂದು ವರ್ಷ ಮಾರಾಟಕ್ಕೆ ನಿಂತ್ಕೋತೀನಿ ಬಿಡಿ’ ಎಂದೆ. ಸಿದ್ದಪ್ಪನ ಕತ್ತರಿ ಕಂಡವಳು, ಎಲ್ಲರ ಕರಾರೂ ಕೈಗೇ ಕಟ್ಟುತ್ತದೆ ಎಂದುಕೊಂಡಿದ್ದೆ. ಕಡಲೆಕಾಳಿನಗಲ ಜಾಗದಲ್ಲಿ ಅಜ್ಜಿ ಮೊಮ್ಮಗಳ ಹೆಸರು ಎರಡನ್ನೂ ಕೂರಿಸುವವಳಿಗೆ ತನ್ನ ಕಾಗದದ ಸಣ್ಣಕ್ಷರ ಓದಲು ಏನು ಬಂದಿತ್ತು ರೋಗ?

ಕೆಲಸ ಬಿಟ್ಟ ಮಧ್ಯಾಹ್ನ ನೇರವಾಗಿ ಜುಲೇಖಾಬಿಯ ಅಂಗಡಿಗೆ ಹೋಗಿ ಮಿಷನ್ನು ಹಿಡಿದೆ. ಗುಂಯ್ ಎಂದಿತು. ಒಂದು ಚಮಚದ ಮೇಲೆ ಅಕ್ಷರ ಹಾಕಿದೆ, ಮೂಡಿತು. ‘ಏನೂ ಕಟ್ಟಿಲ್ಲ ಕಣ್ರೀ!’ ಎಂದೆ. ಇಬ್ಬರೂ ನಕ್ಕೆವು. ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಇಂಚರ ಹೊಸಿಲ ಮೇಲೆ ಕೂತು ಬಾಟಲಿ ಮುಚ್ಚಳ ಜೋಡಿಸುತ್ತಿದ್ದಳು. ‘ಚಿನ್ನಾ, ಅಮ್ಮ ಬಂದೆ ನೋಡು’ ಎಂದೆ. ತಲೆ ಎತ್ತಲಿಲ್ಲ. ಹತ್ತಿರ ಹೋದ ಮೇಲೆ ಕಂಡು ಓಡಿಬಂದು ಕಾಲು ತಬ್ಬಿದಳು. ‘ಏನ್ ತಂದೆ?’ ‘ಜಿಲೇಬಿ ಕಣೋ ಬಂಗಾರಿ.’ ‘ಏನ್ ತಂದೇ ಅಂದ್ರೆ?’ ‘ಜಿಲೇಬಿ!’ ಅವಳು ನನ್ನ ತುಟಿಯನ್ನೇ ನೋಡಿದಳು. ‘ಅಮ್ಮಾ, ಮಾತಾಡು’ ಎಂದಳು. ಮಾತಾಡಿದೆ. ‘ಮಾತಾಡಮ್ಮಾ.’ ಹೆಸರು ಹಿಡಿದು ಕೂಗಿದೆ, ಕಂದಾ ಎಂದೆ, ಪುಟ್ಟಾ ಎಂದೆ. ಅವಳು ಎರಡು ಬೆರಳು ನನ್ನ ಬಾಯೊಳಗೆ ಹಾಕಿ ತಡಕಿದಳು, ಮಾತು ಒಳಗೆಲ್ಲೋ ಸಿಕ್ಕಿಕೊಂಡಿದೆ ಎನ್ನುವ ಹಾಗೆ. ಒಳಗಿನಿಂದ ಬಂದ ನನ್ನತ್ತೆ ಕೆಂಚಮ್ಮ, ‘ಯಾಕೇ ಹಂಗೆ ಬರೀ ಬಾಯಿ ಆಡಿಸ್ತೀಯ? ಮಗೂನ ಅಣಕಿಸ್ತಿದೀಯಾ?’ ಎಂದರು. ಸಂಜೆ ನನ್ನ ಗಂಡ ರೇವಣ್ಣ ಬಸ್ಸಿನ ಡ್ಯೂಟಿ ಮುಗಿಸಿ ಬಂದ. ಅವನಿಗೆ ನನ್ನ ಮಾತು ಚೆನ್ನಾಗಿಯೇ ಕೇಳಿಸಿತು. ನನಗೆ ಆಗಲೂ ತಲೆಬುಡ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಕಾಗದ ಹಿಡಿದುಕೊಂಡು ಕರಿಬಸಯ್ಯನವರ ಬಳಿ ಓಡಿದೆ. ಕಚೇರಿ ಮುಂದೆ ಡೆಸ್ಕು ಹಾಕಿಕೊಂಡು ಊರಿನವರ ಪತ್ರಗಳನ್ನೆಲ್ಲ ಬರೆದವರು ಅವರು; ಈಗ ಕಣ್ಣು ಮಂಜಾಗಿ ಮನೆಯಲ್ಲೇ ಇರುತ್ತಾರೆ. ರೇವಣ್ಣನ ಹಾಗೆ ಅವರಿಗೂ ನನ್ನ ಮಾತು ಕೇಳಿಸಿತು. ಕಾಗದವನ್ನು ಮೂಗಿಗೆ ಹತ್ತಿಸಿಕೊಂಡು ಓದಿದರು: ‘ಕೆಲಸ ಬಿಟ್ಟ ದಿನದಿಂದ ಎರಡು ವರ್ಷ ಪರ್ಯಂತ, ಸದರಿ ಅಂಗಡಿಯ ಗಿರಾಕಿಗಳೊಡನೆ ಸದರಿ ನೌಕರಳು ಸವಿಮಾತು ಆಡತಕ್ಕದ್ದಲ್ಲ. ಗಿರಾಕಿಗಳೆಂದರೆ ಸದರಿ ಅಂಗಡಿಯ ಪಾತ್ರೆಯ ಮೇಲೆ ಯಾರ ಹೆಸರು ಬಿದ್ದಿದೆಯೋ ಅವರೆಲ್ಲರೂ.’

‘ಕಾಗದದಲ್ಲಿ ಮೂರು ನೋಡ್ಬೇಕಮ್ಮ’ ಎಂದರು ಕರಿಬಸಯ್ಯನವರು. ‘ಎಷ್ಟು ದಿನ, ಎಲ್ಲೀ ತನಕ, ಯಾರ ಹತ್ರ. ದಿನ ಬರ್ದಿದೆ. ಎಲ್ಲೀ ತನಕ ಅಂತ ಬರ್ದಿಲ್ಲ, ಅಂದ್ರೆ ಸಿದ್ದಪ್ಪನ ಹಂಗೆ ಮೈಲಿಗಲ್ಲು ದಾಟಿದ್ರೂ ಬಿಡಲ್ಲ. ಇನ್ನು ಯಾರ ಹತ್ರ ಅನ್ನೋದು...’ ಕಾಗದದಿಂದ ಮುಖ ಎತ್ತಿದರು. ‘ಮಗೂದು ಹೆಸರು ಯಾವ್ದಾದ್ರೂ ಪಾತ್ರೆ ಮೇಲೆ ಹಾಕ್ಸಿದ್ರಾ?’

‘ನಾನೇ ಹಾಕ್ದೆ.’

ಅವರು ಕಾಗದ ಮಡಚಿ ನನ್ನ ಕೈಗಿಟ್ಟರು. ಅತ್ತೆಯ ಹೆಸರು ನಮ್ಮ ನೀರಿನ ಕೊಡದ ಮೇಲಿರುವುದೂ ನೆನಪಾಯಿತು. ಊರಿನ ಹೆಂಗಸರಲ್ಲಿ ಮುಕ್ಕಾಲು ಪಾಲಿನ ಹೆಸರು ಯಾವುದಾದರೊಂದು ಲೋಟದ ಮೇಲೆ ಇದ್ದೇ ಇತ್ತು, ಅರ್ಧ ನನ್ನ ಕೈಯವೇ. ಗಂಡಸರ ಹೆಸರು ಪಾತ್ರೆಯ ಮೇಲೆ ಬರುವುದೇ ಅಪರೂಪ; ರೇವಣ್ಣನಿಗೂ ಕರಿಬಸಯ್ಯನವರಿಗೂ ನನ್ನ ಮಾತು ಕೇಳಿದ್ದು ಅದಕ್ಕೇ. ‘ಯಾವ ಮುಂಡೇಗಂಡ ಸ್ವಾಮಿ ಇದನ್ನ ಬರ್ದೋನು? ಅವನ ಕೈ ಸೇದ್ಹೋಗ!’ ಎಂದೆ. ಕರಿಬಸಯ್ಯನವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ‘ಅಕ್ಷರ ನಂದೇ ಕಣಮ್ಮ’ ಎಂದರು. ‘ಗುರುಬಸಪ್ಪ ಬರೀ ಮಾತು ಅಂತ ಬರ್ಸಿದ್ರು. ಸವಿ ಅನ್ನೋದು ನಾನು ಸೇರಿಸ್ದೆ, ಓದೋಕೆ ಚೆನ್ನಾಗಿರ್ಲಿ ಅಂತ.’ ಓದೋಕೆ ಚೆನ್ನಾಗಿರಲಿ ಅಂತ! ವಯಸ್ಸಾದವರು ಎಂದು ನೋಡದಿದ್ದರೆ ಅವರ ಜುಟ್ಟು ಹಿಡಿದು ಎಳೆಯುತ್ತಿದ್ದೆನೇನೋ.

ಮನೆಗೆ ಬಂದವಳೇ ಆ ಪುಟ್ಟ ಲೋಟವನ್ನು ಸಾಣೆ ಹಿಡಿಯುವವನ ಬಳಿ ಒಯ್ದು ಹೆಸರು ಉಜ್ಜಿಸಿ ತೆಗೆಸಿದೆ. ಮಗುವಿನ ಹೆಸರು ಅಳಿಸಿದ್ದಕ್ಕೆ ಅತ್ತೆ ‘ಅನಿಷ್ಟ, ಅನಿಷ್ಟ’ ಎಂದು ಎದೆ ಬಡಿದುಕೊಂಡರು. ಲೋಟದ ಹೊಟ್ಟೆ ತೂತಾಯಿತೇ ಹೊರತು ಏನೂ ಸಡಿಲವಾಗಲಿಲ್ಲ. ಹೆಸರು ‘ಬಿದ್ದಿದೆಯೋ’ ಎಂದಿತ್ತು. ಒಮ್ಮೆ ಬಿದ್ದರೆ ಮುಗಿಯಿತು, ಎದ್ದಿತೋ ಅಳಿಯಿತೋ ಕಾಗದಕ್ಕೆ ಬೇಕಾಗಿಲ್ಲ.

ಗುರುಬಸಪ್ಪನವರ ಮುಂದೆ ಹೋಗಿ ಕೈಮುಗಿದೆ. ಹೌದು, ಮುಗಿದೆ, ಸುಳ್ಳೇಕೆ ಹೇಳಲಿ. ‘ಸಾಹುಕಾರ್ರೇ, ಗಿರಾಕಿಗಳ ಹತ್ರ ನಾನು ತುಟಿ ಬಿಚ್ಚಲ್ಲ. ಮಗೂದೊಂದು ಹೆಸರು ಬಿಟ್ಟುಕೊಡಿ’ ಎಂದೆ. ಅವರು ಗಲ್ಲಾದ ಮೇಲಿನ ಊದಿನಕಡ್ಡಿಯ ಬೂದಿ ಕೊಡವುತ್ತ, ‘ನಾನೇನ್ ಮಾಡ್ಲಿ ಮಂಗಳಾ, ಕಾಗದ ನಡೆಸ್ಕೊಳತ್ತೆ. ನಿಂಗೊಬ್ಳಿಗೆ ಬಿಟ್ರೆ ನಾಳೆ ಎಲ್ರೂ ಮಗು ಅಂತಾರೆ, ಮೊಮ್ಮಗು ಅಂತಾರೆ. ವಾಪಸ್ ಬಂದ್ಬಿಡು, ಇವತ್ತೇ ಬಿಚ್ಚತ್ತೆ’ ಎಂದು ನಕ್ಕರು. ದಡಾರ ಎದ್ದಾಗ ಮೂರು ದಿನ ರಜೆ ಕೊಡದವರು ಈಗ ಎರಡು ವರ್ಷ ಕಿತ್ತುಕೊಂಡು ನಗುತ್ತಾರೆ!

ಹತ್ತು ದಿನ ಮನೆ ಮನೆಯಾಗಿರಲಿಲ್ಲ. ಸಂಜೆ ರೇವಣ್ಣ ಬಂದ ಮೇಲೆ ನನ್ನ ಮಾತನ್ನು ಅವನು ದಾಟಿಸುತ್ತಿದ್ದ. ‘ಅಮ್ಮ ನಿನ್ನ ಚಿನ್ನ ರನ್ನ ಅಂತಿದಾಳಮ್ಮ’ ಎಂದು ಬಸ್ಸಿನ ಹಾರ್ನಿನಂಥ ದನಿಯಲ್ಲಿ ಹೇಳಿದರೆ ಮಗು ಬೆಚ್ಚಿ ನನ್ನ ಮುಖ ನೋಡುತ್ತಿತ್ತು. ಹಗಲು ಯಾರೂ ಇಲ್ಲ. ಅಂಗಡಿಯ ಮೂಲೆಯಲ್ಲಿ ಕೂತು ಅವಳು ಮೊದಮೊದಲು ನೂರು ಪ್ರಶ್ನೆ ಕೇಳಿದಳು, ಆಮೇಲೆ ಹತ್ತು, ಆಮೇಲೆ ತನ್ನ ಬಾಟಲಿ ಮುಚ್ಚಳಗಳ ಜೊತೆ ಮಾತಾಡಿಕೊಳ್ಳತೊಡಗಿದಳು. ಬರೆದು ತೋರಿಸೋಣವೆಂದರೆ ಮೂರು ವರ್ಷದ ಕೂಸಿಗೆ ಅಕ್ಷರ ಬರುತ್ತದೆಯೇ?

ಹನ್ನೊಂದನೆಯ ದಿನ ಮನೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದೆ. ನೀರಿನವನು ಸಂಪಿನ ಮುಚ್ಚಳ ತೆರೆದಿಟ್ಟು ಹೋಗಿದ್ದ. ತಿರುಗಿ ನೋಡುತ್ತೇನೆ, ಇಂಚರ ಸಂಪಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗುತ್ತಿದ್ದಾಳೆ. ‘ಇಂಚರಾ! ಕಂದಾ, ನಿಲ್ಲಮ್ಮಾ!’ ಎಂದು ಚೀರಿದೆ. ಕೇಳಲಿಲ್ಲ. ಇನ್ನೂ ಬಗ್ಗಿದಳು. ನಡುವೆ ನಾಲ್ಕು ಸಾಲು ಒದ್ದೆ ಬಟ್ಟೆ. ‘ಏಯ್ ದರಿದ್ರ ಮುಂಡೇದೇ! ಎದ್ದೇಳೇ ಅಲ್ಲಿಂದ! ಕಾಲು ಮುರೀತೀನಿ!’ ನನ್ನ ಬಾಯಿಂದ ಅದು ಹೇಗೆ ಬಂತೋ. ಮಗು ಸರಕ್ಕನೆ ಹಿಂದಕ್ಕೆ ಬಿದ್ದು, ನನ್ನ ಕಡೆ ತಿರುಗಿ ಹೋ ಎಂದು ಅಳತೊಡಗಿತು.

ಕೇಳಿಸಿತ್ತು! ಎತ್ತಿಕೊಂಡು ಮುದ್ದಿಸಿದೆ, ‘ಹೆದರ್ಕೊಂಡ್ಯಾ ಪುಟ್ಟಾ’ ಎಂದೆ. ಅದು ಕೇಳಲಿಲ್ಲ. ‘ಹಾಳಾದವಳೇ, ಜೀವ ಬಾಯಿಗೆ ಬಂದಿತ್ತಲ್ಲೇ’ ಎಂದೆ. ಕೇಳಿತು! ಅಳುತ್ತಲೇ ‘ಸಾರಿ ಅಮ್ಮ’ ಎಂದಳು. ಓಡಿಬಂದ ಅತ್ತೆಗೆ ಕೇಳುತ್ತದೆಯೇ ನೋಡೋಣವೆಂದು, ‘ನಿಮ್ಮ ಕಣ್ಣೇನು ಕಾಗೆ ಕಚ್ಕೊಂಡ್ ಹೋಗಿತ್ತಾ? ಮಗೂನ ನೋಡ್ಕೊಳಕ್ಕಾಗಲ್ವಾ?’ ಎಂದು ಗದರಿದೆ. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರಾಡಿದವಳಲ್ಲ ನಾನು. ಅತ್ತೆ ಕಣ್ಣೊರೆಸಿಕೊಂಡು, ‘ಬಯ್ಯೇ, ಇನ್ನೊಂಚೂರು ಬಯ್ಯೇ, ಮನೇಲಿ ಮಾತು ಕೇಳಿ ಎಷ್ಟು ದಿನ ಆಗಿತ್ತೇ’ ಎಂದರು. ಕರಿಬಸಯ್ಯನವರು ಅಂದಕ್ಕೆಂದು ಸೇರಿಸಿದ ಆ ಎರಡಕ್ಷರ ನಮಗೊಂದು ಕಿಂಡಿ ಬಿಟ್ಟಿತ್ತು. ಸವಿಮಾತು ತಾನೇ ಆಡಬಾರದು!

ಒಂದು ವಾರ ಸ್ವರ್ಗ. ‘ಕತ್ತೆ ಭಡವಾ, ಬಾ ತುತ್ತು ತಿನ್ನು’, ‘ಕೋತಿ ಮುಂಡೇದೇ, ಜಡೆ ಹಾಕ್ತೀನಿ ಕೂತ್ಕೋ’, ‘ನಿನ್ನ ಮೂತಿಗಿಷ್ಟು, ನಗು ನೋಡು ನಗು’. ಅವಳು ಕಿಲಕಿಲ ನಗುತ್ತಿದ್ದಳು. ಆದರೆ ಕಾಗದಕ್ಕೂ ಕಿವಿಯಿತ್ತು. ಎಂಟನೆಯ ದಿನ ‘ಕತ್ತೆ ಭಡವಾ’ ಅವಳಿಗೆ ಮುಟ್ಟಲಿಲ್ಲ. ಮರುದಿನ ‘ಕೋತಿ’ ಹೋಯಿತು. ಬೈಗುಳದ ಒಳಗೆ ಮುದ್ದು ಎಷ್ಟಿದೆ ಎಂದು ಅದು ಸೋಸಿ ನೋಡುತ್ತಿತ್ತು. ಸವಿ ಕಂಡ ಕೂಡಲೇ ತಡೆಯುತ್ತಿತ್ತು. ನಿಜವಾದ ಸಿಟ್ಟು ಮಾತ್ರ ದಾಟುತ್ತಿತ್ತು. ಥೂ, ಇದೆಂಥ ನೀಚ ಲೆಕ್ಕ ಹೇಳಿ!

ಮಗುವಿನ ಮೇಲೆ ನಿಜವಾದ ಸಿಟ್ಟು ಎಲ್ಲಿಂದ ತರಲಿ? ಗುರುಬಸಪ್ಪನವರಿಂದ ತಂದೆ. ಊಟಕ್ಕೆ ಕರೆಯುವ ಮೊದಲು ಕಣ್ಣು ಮುಚ್ಚಿ ಅವರ ಮುಖ ನೆನೆಯುತ್ತಿದ್ದೆ, ಆ ಬೂದಿ ಕೊಡವುವ ಬೆರಳು, ಆ ನಗು. ಸಿಟ್ಟು ಏರಿದ ಮೇಲೆ ಬಾಯಿ ತೆರೆಯುತ್ತಿದ್ದೆ. ‘ತಿಂತೀಯೋ ಇಲ್ವೋ ಪೀಡೆ!’ ಆಗ ಕೇಳುತ್ತಿತ್ತು. ಸಿಟ್ಟು ಅವರ ಮೇಲಿನದು, ಬಂದು ಬೀಳುತ್ತಿದ್ದುದು ಅವಳ ಮೇಲೆ. ಮೊದಲು ತುಟಿ ನಡುಗಿಸುತ್ತಿದ್ದಳು. ಬರಬರುತ್ತ ಅಭ್ಯಾಸವಾಯಿತು. ಬೈದ ಮೇಲೆ ತಬ್ಬಿಕೊಳ್ಳುತ್ತಿದ್ದೆ, ತುತ್ತು ಇಡುತ್ತಿದ್ದೆ, ಬೆನ್ನು ಸವರುತ್ತಿದ್ದೆ. ಬೈಗುಳವೂ ತುತ್ತೂ ಜೊತೆಜೊತೆಗೇ ಬರುತ್ತವೆ ಎಂದು ಮಗು ಕಲಿತುಕೊಂಡಿತು.

ಜುಲೇಖಾಬಿಯ ಅಂಗಡಿಯಲ್ಲೂ ಅದೇ ಪಾಡು. ಬಂದ ಹೆಂಗಸರಿಗೆ ನನ್ನ ಬೈಗುಳವಲ್ಲದೆ ಬೇರೇನೂ ಕೇಳದು. ‘ಹೆಸರು ಹೇಳ್ರೀ ಬೇಗ, ನಾನೇನು ನಿಮ್ಮನೆ ಜೀತದಾಳಾ?’ ಅಂದರೆ ಮುನಿಸಿಕೊಂಡು ಹೋಗುತ್ತಾರೆ ಎಂದುಕೊಂಡರೆ, ಊರಿನವರಿಗೆ ವಿಷಯ ಗೊತ್ತಿದ್ದರಿಂದ ಬಿದ್ದು ಬಿದ್ದು ನಗುತ್ತಿದ್ದರು. ‘ಮಂಗಳನ ಹತ್ರ ಮಂಗಳಾರತಿ ಎತ್ತಿಸ್ಕೊಂಡ್ ಬಂದ್ವಿ’ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದರು. ನನ್ನ ಕೈಯಲ್ಲಿ ಬೈಸಿಕೊಂಡು ತಂದ ಪಾತ್ರೆ ಬಾಳಿಕೆ ಬರುತ್ತದೆ ಎಂಬ ಮಾತೂ ಹುಟ್ಟಿತು. ಮೂರು ಮೆಟ್ಟಿಲಂಗಡಿಯ ಸ್ಟೂಲು ಖಾಲಿಯಾಗತೊಡಗಿತು.

ಎಂಟು ತಿಂಗಳಾದಾಗ ಗುರುಬಸಪ್ಪನವರೇ ಹೇಳಿ ಕಳಿಸಿದರು. ‘ಮಗೂಗೋಸ್ಕರ ಬಾ. ಹೊಸ ಕಾಗದಕ್ಕೆ ರುಜು ಹಾಕಿದ ತಕ್ಷಣ ಹಳೇದು ಬಿಚ್ಚತ್ತೆ.’ ಒಂದಿಡೀ ದಿನ ಕೂತು ಅತ್ತು, ಹೋದೆ. ಇನ್ನೂ ಹದಿನಾರು ತಿಂಗಳು ಮಗಳನ್ನು ಬೈಯುತ್ತಿರುವುದಕ್ಕಿಂತ ಅವರ ಕಾಲ ಬಳಿ ಕೂರುವುದೇ ವಾಸಿ ಎನಿಸಿತ್ತು. ಅತ್ತೆ ಇಂಚರಳನ್ನು ಕರೆದುಕೊಂಡು ಮೆಟ್ಟಿಲ ಮೇಲೆ ಕೂತರು. ಗುಮಾಸ್ತ ಹಿಂದಿನಂತೆಯೇ ಪೆನ್ನು ಚಾಚಿದ. ‘ರುಜು ಹಾಕಿ, ಇಲ್ಲಿಂದ್ಲೇ ಮಗೂನ ಕಂದಾ ಅಂತ ಕರ್ದು ನೋಡು’ ಎಂದರು ಗುರುಬಸಪ್ಪನವರು.

‘ಓದ್ಬೇಕು’ ಎಂದೆ.

‘ಎಲ್ಲರಿಗೂ ಒಂದೇ ಕಾಗದ ಕಣಮ್ಮ’ ಎಂದ ಗುಮಾಸ್ತ. ‘ಮುಚ್ಚಯ್ಯ ಬಾಯಿ’ ಎಂದೆ. ಒಂದನೇ ಪುಟದಿಂದ ಬೆರಳಿಟ್ಟು ಓದಿದೆ. ನನ್ನ ಬೆನ್ನ ಹಿಂದೆ ಮಾರಾಟದ ಹುಡುಗಿಯರಿಬ್ಬರು, ಗಿರಿಜಾ ಮತ್ತು ಸಾವಂತ್ರಿ, ತಟ್ಟೆ ಒರೆಸುತ್ತ ಕಿವಿ ಕೊಟ್ಟಿದ್ದರು. ನಾಲ್ಕನೇ ಪುಟದಲ್ಲಿ ಹೀಗಿತ್ತು: ‘ಕೆಲಸ ಬಿಟ್ಟ ದಿನದಿಂದ ಐದು ವರ್ಷ ಪರ್ಯಂತ, ಗಿರಾಕಿಗಳೊಡನೆ ಸವಿಯಾಗಲಿ ಕಹಿಯಾಗಲಿ ಯಾವುದೇ ಮಾತು ಆಡತಕ್ಕದ್ದಲ್ಲ. ನೌಕರಳ ಗಂಡ, ಮಕ್ಕಳು ಹಾಗೂ ಮನೆಮಂದಿಯನ್ನು ಗಿರಾಕಿಗಳೆಂದೇ ಭಾವಿಸತಕ್ಕದ್ದು.’ ಕಿಂಡಿ ಮುಚ್ಚಿದ್ದರು. ರೇವಣ್ಣನನ್ನೂ ಸೇರಿಸಿಕೊಂಡಿದ್ದರು.

ಪೆನ್ನು ನನ್ನ ಕೈಯಲ್ಲೇ ಇತ್ತು. ಹೊರಗೆ ಇಂಚರಳ ಬೆನ್ನು ಕಾಣುತ್ತಿತ್ತು, ಜಡೆಯ ರಿಬ್ಬನ್ನು ಬಿಚ್ಚಿಹೋಗಿತ್ತು. ಒಂದು ಗೀಟು ಎಳೆದರೆ ಸಾಕು, ‘ಬಾ ಪುಟ್ಟಾ, ಜಡೆ ಕಟ್ತೀನಿ’ ಎನ್ನಬಹುದಿತ್ತು, ಅವಳು ಕೇಳಿಸಿಕೊಂಡು ತಿರುಗುತ್ತಿದ್ದಳು. ಆಮೇಲೆ? ನಾಳೆ ಮತ್ತೆ ಅವಳ ಮೈ ಕೆಂಡವಾದರೆ, ರಜೆ ಕೊಡದಿದ್ದರೆ, ಬಿಟ್ಟು ಹೋಗುತ್ತೇನೆ ಎನ್ನುವ ಧೈರ್ಯ ನನ್ನಲ್ಲಿ ಉಳಿಯುತ್ತದೆಯೇ? ಐದು ವರ್ಷ ಮೂಕಿಯಾಗಲು ಯಾವ ತಾಯಿ ಒಪ್ಪುತ್ತಾಳೆ? ಸಾಯುವ ತನಕ ಆ ಸ್ಟೂಲಿನೆದುರು ಕೂತಿರಬೇಕು, ಅಷ್ಟೇ. ‘ಮನೆಮಂದಿ ಅನ್ನೋದನ್ನ ಹೊಡೆದುಹಾಕಿ, ಈಗ್ಲೇ ರುಜು ಹಾಕ್ತೀನಿ’ ಎಂದೆ. ‘ಅದಿಲ್ದಿದ್ರೆ ಕಾಗದ ಯಾಕೆ ಮಂಗಳಾ?’ ಎಂದರು. ಎಷ್ಟು ತಣ್ಣಗೆ ಅಂದರು!

ಪೆನ್ನು ಎಸೆದೆ. ಆಮೇಲೆ ನಾನು ಆಡಿದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ‘ನಿಮ್ಮನೆ ಹಾಳಾಗ! ತಾಯಿ ಮಾತನ್ನೂ ತಕ್ಕಡಿಗೆ ಹಾಕೋ ಕಟುಕ ನೀವು! ಬಾಣಂತಿ ಜೋಗುಳಾನೂ ನಿಮ್ಮ ಬಂಡವಾಳವಾ?’ ಎಂದದ್ದು ನೆನಪಿದೆ. ಅದು ನಿಜವಾದ ಸಿಟ್ಟು. ಒಂದಕ್ಷರವೂ ತಡೆಯಾಗದೆ ಅಂಗಡಿಯಲ್ಲಿದ್ದ, ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸರಿಗೆಲ್ಲ ಕೇಳಿಸಿತು. ತರಕಾರಿ ಚೀಲ ಹಿಡಿದವರು ಮೆಟ್ಟಿಲ ಕೆಳಗೆ ಗುಂಪಾದರು. ಗಿರಿಜಾ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು, ‘ಸಾಹುಕಾರ್ರೇ, ನನ್ನ ಕಾಗದ ಒಂದ್ಸಲ ತೋರ್ಸಿ’ ಎಂದಳು. ‘ನಂದೂ’ ಎಂದಳು ಸಾವಂತ್ರಿ. ಗುರುಬಸಪ್ಪನವರ ಮುಖದಲ್ಲಿ ಆ ನಗು ಇರಲಿಲ್ಲ. ಇಷ್ಟು ಕಂಡು ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಮೆಟ್ಟಿಲಿಳಿದು ಬಂದು ಮಗಳನ್ನು ‘ಏಳೇ ಶನಿ, ಮನೆಗೆ’ ಎಂದು ಕರೆದೆ. ಎದ್ದು ಬಂದು ಕೈ ಹಿಡಿದಳು.

ಹದಿನಾರು ತಿಂಗಳು ಹಾಗೆಯೇ ಕಳೆಯಿತು. ಊರಲ್ಲಿ ಈಗ ಕೆಲಸಕ್ಕೆ ಸೇರುವವರು ಕಾಗದವನ್ನು ಕರಿಬಸಯ್ಯನವರಿಗೆ ತೋರಿಸಿಯೇ ರುಜು ಹಾಕುತ್ತಾರೆ. ಎಷ್ಟು ದಿನ, ಎಲ್ಲೀ ತನಕ, ಯಾರ ಹತ್ರ ಎಂದು ಮಕ್ಕಳಿಗೂ ಬಾಯಿಪಾಠವಾಗಿದೆ. ಆ ಮುದುಕರು ಯಾರಿಂದಲೂ ಕಾಸು ಮುಟ್ಟುವುದಿಲ್ಲವಂತೆ. ಮುಟ್ಟಿದರೆ ನಾನು ಸುಮ್ಮನಿರುತ್ತಿದ್ದೆನೇ?

ಎರಡು ವರ್ಷ ತುಂಬಿದ ದಿನ ಮಧ್ಯಾಹ್ನ ಅಂಗಡಿಗೆ ಹೋಗಲಿಲ್ಲ. ರೇವಣ್ಣನೂ ರಜೆ ಹಾಕಿದ್ದ. ಶ್ಯಾವಿಗೆ ಪಾಯಸ ಮಾಡಿದೆ. ಐದು ವರ್ಷದ ಇಂಚರ ನಡುಮನೆಯಲ್ಲಿ ಬೋರಲು ಮಲಗಿ ಸ್ಲೇಟಿನ ಮೇಲೆ ಏನೋ ಗೀಚುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಗುರುಬಸಪ್ಪನವರ ಮುಖವನ್ನು ನೆನೆಯದೆ ಅವಳನ್ನು ಕರೆದು ಎಷ್ಟು ಕಾಲವಾಗಿತ್ತು! ‘ಕಂದಾ’ ಎಂದೆ. ‘ಬಾರೋ ಬಂಗಾರಿ, ಊಟ ಮಾಡೋಣ.’

ಇಂಚರ ಥಟ್ಟನೆ ತಲೆ ಎತ್ತಿದಳು. ಕೇಳಿಸಿತ್ತು. ಅವಳು ಎದ್ದು ನಿಂತು ನನ್ನನ್ನು ದಾಟಿಕೊಂಡು ಬೀದಿ ಬಾಗಿಲಿಗೆ ಹೋಗಿ ಆಚೆ ಈಚೆ ನೋಡಿದಳು. ತಿರುಗಿ, ‘ಅಜ್ಜೀ, ಯಾರೋ ಆಂಟಿ ಬಂದವ್ರೆ, ಕಾಣ್ತಿಲ್ಲ’ ಎಂದಳು.

ಹೋಗಿ ಅವಳೆದುರು ಮಂಡಿಯೂರಿ ಕೂತೆ. ‘ನಾನೇ ಕಣೋ ಪುಟ್ಟಾ. ಅಮ್ಮ.’ ಆ ದನಿ ನನ್ನ ಬಾಯಿಂದ ಬರುತ್ತಿದೆ ಎಂದು ಕಂಡದ್ದೇ ತಡ, ಅವಳು ಎರಡು ಹೆಜ್ಜೆ ಹಿಂದೆ ಸರಿದು ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಳು. ಇಣುಕಿ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

‘ಅಮ್ಮಾ, ನನ್ ಮೇಲೆ ಬೇಜಾರಾ?’ ಎಂದಳು. ‘ಯಾಕೆ ಬಯ್ತಿಲ್ಲ?’

ಇಲ್ಲ ಕಣೋ, ಬೇಜಾರಿಲ್ಲ, ಇನ್ನು ಬೈಯುವುದೇ ಇಲ್ಲ ಎಂದೆ. ಮುದ್ದು ಮಾತುಗಳನ್ನೆಲ್ಲ ಒಂದೊಂದಾಗಿ ಆಡಿದೆ, ಎರಡು ವರ್ಷ ಕೂಡಿಟ್ಟದ್ದನ್ನೆಲ್ಲ. ಒಂದೊಂದು ಮಾತಿಗೂ ಅವಳು ಇನ್ನಷ್ಟು ಒಳಗೆ ಸರಿದಳು. ಪಾಯಸ ಆರುತ್ತಿತ್ತು. ರೇವಣ್ಣ ಹೊರಗೆ ಹೋಗಿಬಿಟ್ಟ. ಅತ್ತೆ ನನ್ನನ್ನೇ ನೋಡುತ್ತ, ‘ಬಯ್ಯೇ ಮಂಗಳಾ’ ಎಂದು ಮೆಲ್ಲಗೆ ಹೇಳಿದರು.

‘ಬರ್ತೀಯೋ ಇಲ್ವೋ ಪೀಡೆ!’ ಎಂದೆ. ‘ಎಷ್ಟು ಸಲ ಕರೀಬೇಕು ನಿನ್ನ?’

ಇಂಚರ ಸೆರಗು ಬಿಟ್ಟು ಓಡಿಬಂದು ನನ್ನ ತೊಡೆಯ ಮೇಲೆ ಕೂತು ಆ ಎಂದು ಬಾಯಿ ತೆರೆದಳು.